ಡ್ರೋನ್ ನಕ್ಷೆಯ ತಪ್ಪು ಹಿಡಿಯುವುದು: ನಾನು ಅನುಸರಿಸುವ ಕ್ರಮ

ಹಳ್ಳಿಮನೆಗಳ ಜಾಗ ಅಳೆದು ಆಸ್ತಿಪತ್ರ ಕೊಡುವ ಕೇಂದ್ರದ ಸ್ವಾಮಿತ್ವ ಯೋಜನೆ 2020ರಲ್ಲಿ ಶುರುವಾದ ಮೇಲೆ ಗ್ರಾಮಠಾಣಾ ನಕ್ಷೆಗಳು ಡ್ರೋನ್ ಚಿತ್ರಗಳಿಂದ ತಯಾರಾಗುತ್ತಿವೆ, 1:500 ಸ್ಕೇಲಿನಲ್ಲಿ. ಕಾಗದದ ಮೇಲೆ ಒಂದು ಮಿಲಿಮೀಟರ್ ತಪ್ಪಿದರೆ ನೆಲದಲ್ಲಿ ಅರ್ಧ ಮೀಟರ್. ಗೇಣು ಜಾಗಕ್ಕೂ ತಕರಾರು ಏಳುವ ಕಡೆ ಇದು ಸಣ್ಣದಲ್ಲ.

ಸಾಫ್ಟ್‌ವೇರ್ ಕೊಡುವ ವರದಿಯಲ್ಲಿ ಕಂಟ್ರೋಲ್ ಪಾಯಿಂಟ್‌ಗಳ (ನಕ್ಷೆಯನ್ನು ಕೂರಿಸಲು ನೆಲದಲ್ಲಿ ಅಳೆದಿಟ್ಟ ಬಿಂದುಗಳು) ಆರ್‌ಎಂಎಸ್‌ಇ (ತಪ್ಪುಗಳ ವರ್ಗದ ಸರಾಸರಿಯ ವರ್ಗಮೂಲ) 2 ಸೆಂ.ಮೀ. ಎಂದಿದ್ದರೆ ನಾನು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಆ ಬಿಂದುಗಳಿಗೆ ಹೊಂದುವಂತೆಯೇ ನಕ್ಷೆಯನ್ನು ಕೂರಿಸಿರುತ್ತಾರೆ, ಹೊಂದದೆ ಇನ್ನೇನು? ಪರೀಕ್ಷೆಗೆ ನಕ್ಷೆ ಕೂರಿಸಲು ಬಳಸದ ಬೇರೆಯೇ ಬಿಂದುಗಳು, ಅಂದರೆ ಚೆಕ್ ಪಾಯಿಂಟ್‌ಗಳು ಬೇಕು. ಅಮೆರಿಕದ ವೈಮಾನಿಕ ನಕ್ಷೆ ತಜ್ಞರ ಸಂಘ ಎಎಸ್‌ಪಿಆರ್‌ಎಸ್‌ನ ಮಾನದಂಡ 2014ರಲ್ಲಿ ಕನಿಷ್ಠ 20 ಕೇಳುತ್ತಿತ್ತು, 2023ರಲ್ಲಿ 30 ಮಾಡಿತು. ನಾನು 30 ಹಾಕುತ್ತೇನೆ. ಊರನ್ನು ನಾಲ್ಕು ಭಾಗ ಮಾಡಿ ಪ್ರತಿ ಭಾಗದಲ್ಲೂ ಕನಿಷ್ಠ ಆರು ಇರುವಂತೆ ನೋಡಿಕೊಳ್ಳುತ್ತೇನೆ.

ಗುರುತಿಗೆ ಸುಣ್ಣದ ಕೂಡುಗೆರೆ (+) ಸಾಕು, ಆದರೆ ಗೆರೆಯ ಅಗಲ ಚಿತ್ರದಲ್ಲಿ ಮೂರ್ನಾಲ್ಕು ಪಿಕ್ಸೆಲ್ ಇರಲಿ. ಬಿಳಿ ಕಾಂಕ್ರೀಟಿನ ಮೇಲೆ ಸುಣ್ಣ ಕಾಣುವುದಿಲ್ಲ, ಅಲ್ಲಿ ಕಪ್ಪು ಬಣ್ಣ ಬಳಿಯಬೇಕು. ಟ್ರ್ಯಾಕ್ಟರು, ದನ ತುಳಿದು ಅಳಿಸುವುದರಿಂದ ಹಾರಾಟದ ದಿನವೇ ಹಾಕಬೇಕು. ಮನೆಯ ಮೂಲೆಯನ್ನು ಚೆಕ್ ಪಾಯಿಂಟ್ ಆಗಿ ಬಳಸಲೇಬೇಡಿ: 100 ಮೀ. ಎತ್ತರದಿಂದ ತೆಗೆದ ಚಿತ್ರದಲ್ಲಿ, ಕ್ಯಾಮೆರಾದ ನೇರ ಕೆಳಗಿನಿಂದ 50 ಮೀ. ದೂರದ 6 ಮೀ. ಎತ್ತರದ ಮಾಳಿಗೆ ಸುಮಾರು 3 ಮೀ. ಹೊರಕ್ಕೆ ವಾಲಿರುತ್ತದೆ. ನೆಲದ ಎತ್ತರವನ್ನಷ್ಟೇ ಬಳಸಿ ಮಾಡಿದ ಆರ್ಥೋಫೋಟೋದಲ್ಲಿ (ನಕ್ಷೆಯಂತೆ ಅಳೆಯಲು ಸರಿಪಡಿಸಿದ ಚಿತ್ರ) ಆ ವಾಲುವಿಕೆ ಹಾಗೆಯೇ ಉಳಿಯುತ್ತದೆ.

ಪ್ರತಿ ಬಿಂದುವನ್ನು ಆರ್‌ಟಿಕೆ ರೋವರಿನಿಂದ (ಸ್ಥಿರ ಬೇಸ್ ಸ್ಟೇಷನ್ನಿನ ನೆರವಿನಿಂದ ಸೆಂಟಿಮೀಟರ್ ಮಟ್ಟದಲ್ಲಿ ಸ್ಥಾನ ಹೇಳುವ, ಕಂಬದ ಮೇಲಿನ ಉಪಗ್ರಹ ರಿಸೀವರ್) ಎರಡು ಸಲ, ಎರಡು ಗಂಟೆ ಬಿಟ್ಟು ಅಳೆದು ಸರಾಸರಿ ತೆಗೆಯುತ್ತೇನೆ. ಕಂಬಕ್ಕೆ ಬೈಪಾಡ್ (ಎರಡು ಕಾಲಿನ ಆಸರೆ) ಬೇಕೇ ಬೇಕು, ಏಕೆಂದರೆ 2 ಮೀ. ಕಂಬ ಒಂದು ಡಿಗ್ರಿ ವಾಲಿದರೆ 3.5 ಸೆಂ.ಮೀ. ಹೋಯಿತು.

ಆಮೇಲಿನದೇ ಮುಖ್ಯ ಕೆಲಸ. ಪ್ರತಿ ಬಿಂದುವಿಗೂ ನಕ್ಷೆಯ ಅಳತೆಯಿಂದ ನೆಲದ ಅಳತೆ ಕಳೆದು, ಪೂರ್ವ, ಉತ್ತರ, ಎತ್ತರ ಮೂರನ್ನೂ ಬೇರೆ ಬೇರೆ ಬರೆದು, ಬಾಣದ ಗುರುತಾಗಿ ನಕ್ಷೆಯ ಮೇಲೆ ಎಳೆಯುತ್ತೇನೆ. ಆರ್‌ಎಂಎಸ್‌ಇ ಒಂದೇ ನೋಡಿದರೆ ಪ್ಲಸ್–ಮೈನಸ್ ಚಿಹ್ನೆ ಕಳೆದುಹೋಗುತ್ತದೆ, ಕಾರಣವೂ ಅದರ ಜೊತೆ ಹೋಗುತ್ತದೆ. ಬಾಣಗಳೆಲ್ಲ ಒಂದೇ ಕಡೆ ಮುಖ ಮಾಡಿದ್ದರೆ ಬೇಸ್ ಸ್ಟೇಷನ್ನಿನ ನಿರ್ದೇಶಾಂಕ ತಪ್ಪಿದೆ. ಒಂದೇ ಮೂಲೆಯಲ್ಲಿ ಉದ್ದವಾಗಿದ್ದರೆ ಅಲ್ಲಿ ಕಂಟ್ರೋಲ್ ಪಾಯಿಂಟ್ ಇಲ್ಲ, ಇಲ್ಲವೇ ತಪ್ಪಾಗಿ ಗುರುತಿಸಿದ್ದಾರೆ. ಎತ್ತರ ನಡುವೆ ಉಬ್ಬಿ ಅಂಚಿನಲ್ಲಿ ತಗ್ಗಿದ್ದರೆ ಲೆನ್ಸಿನ ಕ್ಯಾಲಿಬ್ರೇಶನ್ ಕೆಟ್ಟಿದೆ: ಅಡ್ಡಸಾಲಿನ ಹಾರಾಟ, ಓರೆ ಚಿತ್ರ ಸೇರಿಸಿ ಮತ್ತೆ ಸಂಸ್ಕರಿಸಬೇಕು. ಬೆಂಗಳೂರಿನ ಸುತ್ತ ಎತ್ತರ ಎಲ್ಲೆಡೆ 86 ಮೀ. ಆಸುಪಾಸು ಕಡಿಮೆ ಬಂದರೆ ಗಾಬರಿ ಬೇಡ, ಯಾರೋ ಎಲಿಪ್ಸಾಯ್ಡ್ ಎತ್ತರವನ್ನು (ಭೂಮಿಯ ಗಣಿತದ ಮಾದರಿಯಿಂದ ಉಪಗ್ರಹ ರಿಸೀವರ್ ಅಳೆಯುವ ಎತ್ತರ) ಸಮುದ್ರಮಟ್ಟದ ಎತ್ತರವೆಂದು ಹಾಕಿದ್ದಾರೆ, ಅಷ್ಟೆ. ಇನ್ನು ಯುಟಿಎಂ, ಅಂದರೆ ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಸ್ಥಾನ ಹೇಳುವ ನಕ್ಷೆ ಪದ್ಧತಿ: ಕೋಲಾರ ಅದರ ವಲಯ 44ಕ್ಕೆ ಸೇರುತ್ತದೆ, ಬೆಂಗಳೂರು 43ಕ್ಕೆ. ಅದನ್ನೂ ಒಮ್ಮೆ ನೋಡಿಕೊಳ್ಳಿ.

ಟೇಪ್ ಹಿಡಿದು ಎರಡು ಕಲ್ಲುಗಳ ನಡುವೆ ಅಳೆಯುವುದು ಒಳ್ಳೆಯದೇ, ಆದರೆ ನಕ್ಷೆ ಇಡಿಯಾಗಿ ಸರಿದಿದ್ದರೆ ಟೇಪಿಗೆ ಗೊತ್ತಾಗುವುದಿಲ್ಲ. ಹುಬ್ಬಳ್ಳಿಯ ಕಡೆ ಟೇಪಿನ 100 ಮೀ. ಯುಟಿಎಂ ನಕ್ಷೆಯಲ್ಲಿ 99.95 ಎಂದು ಬರುತ್ತದೆ. ಅದು ಸರ್ವೆ ತಪ್ಪಲ್ಲ: ಯುಟಿಎಂ ವಲಯದ ಮಧ್ಯರೇಖೆಯಲ್ಲಿ ಉದ್ದಕ್ಕೆ ಗುಣಿಸುವ 0.9996 ಗುಣಕ ಮತ್ತು ಊರಿನ ಎತ್ತರ ಸೇರಿ ಆಗುವ ವ್ಯತ್ಯಾಸ. ಹೆಂಚಿನ ಮನೆಗಳಲ್ಲಿ ಟೇಪ್ ಗೋಡೆಯನ್ನು ಅಳೆಯುತ್ತದೆ, ಚಿತ್ರ ತೋರಿಸುವುದು ಸೂರನ್ನು. ಎರಡನ್ನೂ ಹೋಲಿಸುವ ಮುನ್ನ ಸೂರಿನ ಚಾಚು ಎಷ್ಟೆಂದು ಮನೆಮನೆಗೂ ಬರೆದುಕೊಳ್ಳಬೇಕು.