ಶಾಲೆಯ ಹಲಗೆಗೆ ‘ದಿನದ ವಿಶೇಷ’ ಬರೆಯುವುದು ಹೇಗೆ?

ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಮುಂದೆ ಬಂದು ‘ದಿನದ ವಿಶೇಷ’ ಓದುವುದು ನಮ್ಮ ಕಡೆಯ ಅನೇಕ ಶಾಲೆಗಳಲ್ಲಿ ರೂಢಿ. ಒಳ್ಳೆಯ ರೂಢಿ. ಆದರೆ ಓದುವ ಪಟ್ಟಿ ಹೆಚ್ಚಾಗಿ ಮೊಬೈಲ್‌ನಲ್ಲಿ ಹರಿದು ಬಂದದ್ದು. ಡಿಸೆಂಬರ್ 26ರ ಪಟ್ಟಿಯಲ್ಲಿ ದೂರದ ದೇಶದ ದೊರೆಯ ಜನ್ಮದಿನ ಇರುತ್ತದೆ, 1924ರ ಅದೇ ದಿನ ಬೆಳಗಾವಿಯ ಟಿಳಕವಾಡಿಯಲ್ಲಿ ಗಾಂಧೀಜಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ ಸಂಗತಿ ಇರುವುದಿಲ್ಲ. ಅವರು ಅಧ್ಯಕ್ಷರಾದ ಏಕೈಕ ಅಧಿವೇಶನ ಅದು. ನಮ್ಮ ಮಕ್ಕಳು ಅದನ್ನು ಮೊದಲು ನಮ್ಮಿಂದಲೇ ಕೇಳಬೇಕು. ಅದಕ್ಕಾಗಿ ಪಟ್ಟಿಯನ್ನು ನೀವೇ ಕಟ್ಟಿ.

ಊರಿನಿಂದ ಶುರು ಮಾಡಿ

ದಪ್ಪನೆಯ ನೋಟ್‌ಬುಕ್ ತೆಗೆದುಕೊಂಡು ದಿನಕ್ಕೊಂದು ಪುಟದಂತೆ 366 ಪುಟಗಳಿಗೆ ತಾರೀಖು ಹಾಕಿ. ಮೊದಲು ನಿಮ್ಮ ತಾಲ್ಲೂಕು, ಆಮೇಲೆ ಜಿಲ್ಲೆ, ಆಮೇಲೆ ನಾಡು, ದೇಶ, ಜಗತ್ತು. ಜಿಲ್ಲಾ ಗೆಜೆಟಿಯರ್ (ಜಿಲ್ಲೆಯ ಇತಿಹಾಸ, ವಿವರಗಳಿರುವ ಸರ್ಕಾರಿ ಗ್ರಂಥ), ಊರಿನ ಗ್ರಂಥಾಲಯ, ಪ್ರತಿಮೆಗಳ ಕೆಳಗಿನ ಕಲ್ಲುಬರಹ ಇವೆಲ್ಲ ಕೈಗೆಟಕುವ ಆಕರಗಳೇ. ಪ್ರತಿಯೊಂದು ಸಂಗತಿಯ ಪಕ್ಕದಲ್ಲಿ ಅದು ಎಲ್ಲಿ ಸಿಕ್ಕಿತು ಎಂದು ಪೆನ್ಸಿಲ್‌ನಲ್ಲಿ ಬರೆದಿಡಿ.

ಹೀಗೆ ಹುಡುಕುತ್ತ ಹೋದರೆ ಪುಟಗಳು ತಾವೇ ತುಂಬುತ್ತವೆ. ಜನವರಿ 2 ತೆಗೆಯಿರಿ. 1937ರಲ್ಲಿ ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಚಂದ್ರಶೇಖರ ಕಂಬಾರರು ಹುಟ್ಟಿದ ದಿನ. 2023ರಲ್ಲಿ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ದೇಹಬಿಟ್ಟ ದಿನ. ಜುಲೈ 2 ಫ.ಗು. ಹಳಕಟ್ಟಿಯವರ ಜನ್ಮದಿನ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ವಿಜಯಪುರದಲ್ಲಿ ನೆಲೆನಿಂತು, ಮನೆಮನೆಯ ತಾಳೆಗರಿಗಳನ್ನು ಹುಡುಕಿ ವಚನಗಳನ್ನು ಉಳಿಸಿಕೊಟ್ಟರು. ಸೆಪ್ಟೆಂಬರ್ 10ಕ್ಕೆ ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿ ಇದ್ದಾರೆ, 1912. ಮುಂದೆ 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿ ಕೆಲಸ ಮಾಡಿದವರು. ಇನ್ನು ಜನವರಿ 26 ಬಂದರೆ ಗಣರಾಜ್ಯೋತ್ಸವದ ಭಾಷಣದಲ್ಲಿ ನಂದಗಡ ಮರೆಯಬಾರದು. 1831ರ ಅದೇ ದಿನ ಸಂಗೊಳ್ಳಿ ರಾಯಣ್ಣನನ್ನು ಅಲ್ಲಿ ಗಲ್ಲಿಗೇರಿಸಿದರು.

ತಾರೀಖು ತಾಳೆ ನೋಡಿ

ಕನಿಷ್ಠ ಎರಡು ಆಕರಗಳಲ್ಲಿ ನೋಡಿ. ಒಂದನ್ನು ನೋಡಿ ಇನ್ನೊಂದು ನಕಲು ಮಾಡಿದ್ದರೆ ಅದನ್ನು ಎರಡೆಂದು ಲೆಕ್ಕ ಹಿಡಿಯಬೇಡಿ. ಹೊಂದದಿದ್ದರೆ ಏನು ಮಾಡಬೇಕು? ಕಿತ್ತೂರು ಚೆನ್ನಮ್ಮನ ಜಯಂತಿಯನ್ನು ಆಚರಿಸುವುದು ಅಕ್ಟೋಬರ್ 23ರಂದು. ಹುಟ್ಟಿದ್ದು ನವೆಂಬರ್ 14 ಎಂದು ಬರೆದವರೂ ಇದ್ದಾರೆ. ಆದರೆ 1824ರ ಅಕ್ಟೋಬರ್ 23ರಂದು ಕಿತ್ತೂರಿನ ಸೈನ್ಯ ಬ್ರಿಟಿಷರನ್ನು ಸೋಲಿಸಿತು, ಕಲೆಕ್ಟರ್ ಥ್ಯಾಕರೆ ಅಲ್ಲೇ ಸತ್ತ ಎಂಬುದು ಗಟ್ಟಿ ಸಂಗತಿ. ಅದನ್ನೇ ಮುಖ್ಯ ಸಾಲಾಗಿ ಬರೆಯಿರಿ. 1829ರ ಫೆಬ್ರವರಿ 2ರಂದು ಬೈಲಹೊಂಗಲದ ಸೆರೆಯಲ್ಲಿ ರಾಣಿ ತೀರಿಕೊಂಡದ್ದಕ್ಕೆ ಇನ್ನೊಂದು ಪುಟ ಕೊಡಿ.

ಹಳೆಯ ಕಾಲಮಾನದ ಲೆಕ್ಕ

ಇಲ್ಲಿ ಆತುರ ಬೇಡ. ಬಾದಾಮಿಯ ಮೂರನೇ ಗುಹೆಯಲ್ಲಿ ಚಾಲುಕ್ಯ ವಂಶದ ಮಂಗಲೇಶನ ಶಾಸನವಿದೆ: ಶಕ ವರ್ಷ 500, ಕಾರ್ತಿಕ ಹುಣ್ಣಿಮೆ. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿ.ಶ. 578. ಆದರೆ ಶಕ ವರ್ಷ ಶುರುವಾಗುವುದು ಯುಗಾದಿಗೆ. ಹೀಗಾಗಿ ಸಂಗತಿ ಜನವರಿಯಿಂದ ಯುಗಾದಿಯೊಳಗೆ ಬಿದ್ದರೆ 79 ಕೂಡಿಸಬೇಕು. ಇಂಥ ಶಾಸನವನ್ನು ಬಲವಂತವಾಗಿ ಒಂದು ಇಂಗ್ಲಿಷ್ ತಾರೀಖಿಗೆ ಕಟ್ಟಿಹಾಕುವುದಕ್ಕಿಂತ ಕಾರ್ತಿಕ ಹುಣ್ಣಿಮೆಯ ದಿನವೇ ಓದಿಸಿ. ಕಲ್ಲಿನಲ್ಲಿ ಬರೆಸಿದವರೂ ಆ ದಿನವನ್ನು ಹಾಗೆಯೇ ಗುರುತಿಸಿದ್ದರು.

ಬಸವ ಜಯಂತಿಯೂ ಹಾಗೆಯೇ, ವೈಶಾಖ ಶುದ್ಧ ತದಿಗೆ. ತಾರೀಖು ಪ್ರತಿವರ್ಷ ಸರಿಯುತ್ತದೆ. ತಿಥಿಯ ಆಚರಣೆಗಳಿಗೆ ನೋಟ್‌ಬುಕ್‌ನ ಕೊನೆಯಲ್ಲಿ ಬೇರೆ ಪುಟಗಳಿರಲಿ. ಯುಗಾದಿಗೆ ಹೊಸ ಪಂಚಾಂಗ ಬಂದಾಗ ಆ ವರ್ಷದ ತಾರೀಖು ತುಂಬಿ. ಮುಸ್ಲಿಮರ ಚಾಂದ್ರಮಾನದ ಹಿಜರಿ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು, ಅದಕ್ಕೆ ಕೂಡಿಸುವ ಕಳೆಯುವ ಸರಳ ಲೆಕ್ಕ ನಡೆಯದು, ಕೋಷ್ಟಕವೇ ಬೇಕು. ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್‌ಶಾಹ ತೀರಿಕೊಂಡ ಹಿಜರಿ 1067 ಕ್ರಿ.ಶ. 1656ರ ಅಕ್ಟೋಬರ್‌ನಿಂದ 1657ರ ಅಕ್ಟೋಬರ್‌ವರೆಗೆ ಹರಡಿದೆ.

ತಾಳಿಕೋಟೆ ಕದನದ್ದು ಇನ್ನೊಂದು ಬಗೆ. ರಕ್ಕಸಗಿ-ತಂಗಡಗಿ ಕದನವೆಂದೂ ಕರೆಯುವ ಇದಕ್ಕೆ 1565ರ ಜನವರಿ 23 ಎಂಬ ತಾರೀಖು ಬಹಳ ಕಡೆ ಕಾಣುತ್ತದೆ. ಅದು ಹಳೆಯ ಜೂಲಿಯನ್ ಲೆಕ್ಕ. ಈಗಿನ ಗ್ರೆಗೋರಿಯನ್ ಕ್ಯಾಲೆಂಡರ್ ಬಂದದ್ದು 1582ರಲ್ಲಿ. ಈಗಿನ ಲೆಕ್ಕದಲ್ಲಿ 10 ದಿನ ಮುಂದೆ ಹೋಗಿ ಫೆಬ್ರವರಿ 2 ಆಗುತ್ತದೆ. ಪುಸ್ತಕಗಳ ತಾರೀಖನ್ನೇ ಇಟ್ಟುಕೊಂಡು ‘ಅಂದಿನ ಲೆಕ್ಕದಂತೆ’ ಎಂದು ಸೇರಿಸಿ. ಜನವರಿ 23 ನೇತಾಜಿ ಸುಭಾಷರ ಜನ್ಮದಿನವೂ ಹೌದು, 1897. ಎರಡನ್ನೂ ಓದಿಸಿ.

ಕೇಳುವವರಿಗೆ ಕಣ್ಣಿಗೆ ಕಟ್ಟಲಿ

‘ಇಂದು ಹಲಗಲಿ ಬೇಡರ ದಿನ’ ಎಂದರೆ ಐದನೇ ತರಗತಿಯ ಹುಡುಗಿಗೆ ಏನೂ ತಿಳಿಯುವುದಿಲ್ಲ. ಯಾರು, ಎಲ್ಲಿ, ಯಾಕೆ ಎಂಬುದು ಮೂರೇ ಸಾಲಿನಲ್ಲಿ ಬರಬೇಕು. ಹೀಗೆ:

‘1857ರ ಡಿಸೆಂಬರ್ 11. ಆಯುಧಗಳನ್ನು ಒಪ್ಪಿಸಿ ಎಂಬ ಬ್ರಿಟಿಷರ ಆಜ್ಞೆಗೆ ಮುಧೋಳದ ಬಳಿಯ ಹಲಗಲಿಯ ಬೇಡರು ಒಪ್ಪಲಿಲ್ಲ, ಹೋರಾಡಿದರು. ಸೆರೆಸಿಕ್ಕವರಲ್ಲಿ 13 ಮಂದಿಯನ್ನು ಇಂದು ಮುಧೋಳದಲ್ಲಿ ಗಲ್ಲಿಗೇರಿಸಿದರು, ಮೂರು ದಿನದ ಬಳಿಕ ಹಲಗಲಿಯಲ್ಲೇ ಇನ್ನೂ 6 ಮಂದಿಯನ್ನು.’

ಇದನ್ನು ಓದಿದ ಮೇಲೆ ಒಂದು ಗಳಿಗೆ ಸುಮ್ಮನಿದ್ದು ಮುಂದಿನ ಸಂಗತಿಗೆ ಹೋಗಲಿ. ಬಲಿದಾನದ ದಿನಕ್ಕೆ ‘ಶುಭಾಶಯಗಳು’ ಎಂದು ಬರೆಯಬೇಡಿ, ಅದು ನೋವಾಗುವ ತಪ್ಪು.

ದಿನಕ್ಕೆ ಮೂರ್ನಾಲ್ಕು ಸಂಗತಿ ಸಾಕು. ಡಿಸೆಂಬರ್ 26ಕ್ಕೆ ಬೆಳಗಾವಿ ಅಧಿವೇಶನ, ಬಾಬಾ ಆಮ್ಟೆ ಹುಟ್ಟಿದ್ದು (1914), 2004ರ ಸುನಾಮಿ ಇಟ್ಟುಕೊಳ್ಳಿ, ಅಧಿವೇಶನಕ್ಕೆ ಹೆಚ್ಚು ಹೊತ್ತು ಕೊಡಿ. ಅಂದು ನೀರಿಗಾಗಿ ತೋಡಿದ ಬಾವಿ ಕಾಂಗ್ರೆಸ್ ಬಾವಿ ಎಂಬ ಹೆಸರಿನಲ್ಲಿ ಇಂದಿಗೂ ಇದೆ. ಬೆಳಗಾವಿಯ ಶಾಲೆಯವರು ಆ ದಿನ ಮಕ್ಕಳನ್ನು ಅಲ್ಲಿಗೇ ಕರೆದೊಯ್ಯಬಹುದು. ನೋಟ್‌ಬುಕ್‌ನಲ್ಲಿ ‘100 ವರ್ಷದ ಹಿಂದೆ’ ಎಂದು ಬರೆಯದೆ ಇಸವಿಯನ್ನೇ ಬರೆಯಿರಿ. ಎಷ್ಟು ವರ್ಷವಾಯಿತೆಂಬ ಲೆಕ್ಕವನ್ನು ಅಂದು ಓದುವ ವಿದ್ಯಾರ್ಥಿಯೇ ಹಾಕಲಿ.