ಪ್ರೀಮಿಯರ್ ಲೀಗ್ ಟಿಕೆಟ್ ಸಿಗ್ಲಿಲ್ವಾ? ಶನಿವಾರ ನಾನ್-ಲೀಗ್ ಮ್ಯಾಚಿಗೆ ಹೋಗೋದು ಹೀಗೆ

ಇಂಗ್ಲೆಂಡಿಗೆ ಓದೋಕೋ ಕೆಲ್ಸಕ್ಕೋ ಬಂದ ನಮ್ಮೋರು ಮೊದಲು ವಿಚಾರ್ಸೋದೇ ಆರ್ಸೆನಲ್, ಲಿವರ್‌ಪೂಲ್‌ನಂಥ ದೊಡ್ಡ ಫುಟ್ಬಾಲ್ ಕ್ಲಬ್ಬಿನ ಟಿಕೆಟ್ ಹೆಂಗೆ ಸಿಗುತ್ತೆ ಅಂತ. ಮೆಂಬರ್‌ಶಿಪ್ ತಗೋಬೇಕು, ಲಾಟರೀಲಿ ಹೆಸ್ರು ಬರ್ಬೇಕು, ಬಂದ್ರೂ ರೇಟ್ ನೋಡಿದ್ರೆ ಎದೆ ಧಸಕ್ ಅನ್ನುತ್ತೆ. ಅದಕ್ಕೇ ಕಾಯ್ಕೊಂಡು ಕೂರೋ ಬದ್ಲು ಈ ಶನಿವಾರ ಮನೆ ಹತ್ರದ ನಾನ್-ಲೀಗ್ ಕ್ಲಬ್ಬಿನ ಮ್ಯಾಚಿಗೆ ಹೋಗಿ. ಮೇಲಿನ ನಾಲ್ಕು ಡಿವಿಷನ್‌ನಲ್ಲಿ 92 ಕ್ಲಬ್ ಇವೆ, ಅವುಕ್ಕಿಂತ ಕೆಳಗಿರೋದೆಲ್ಲಾ ನಾನ್-ಲೀಗ್. ಫುಟ್ಬಾಲನ್ನ ಹತ್ತಿರದಿಂದ ನೋಡ್ಬೇಕು, ಕೇಳ್ಬೇಕು ಅನ್ನೋರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ.

ಕ್ಲಬ್ ಆರ್ಸ್ಕೊಳ್ಳೋದು

ಐದನೇ ಹಂತದ ನ್ಯಾಷನಲ್ ಲೀಗ್‌ನಲ್ಲಿ ಸುಮಾರು ಕ್ಲಬ್ಬುಗಳು ಫುಲ್‌ಟೈಮ್ ಆಟಗಾರರನ್ನೇ ಇಟ್ಕೊಂಡಿವೆ, ದೊಡ್ಡ ಸ್ಟೇಡಿಯಂ, ಜನಾನೂ ಜಾಸ್ತಿ. ಮೊದಲ ಸಲ ಹೋಗೋರು ಇನ್ನೂ ಕೆಳಗೆ, ಏಳರಿಂದ ಒಂಬತ್ತನೇ ಹಂತದೊಳಗೆ ನೋಡಿ. ಲಂಡನ್ ಕಡೆ ಇಸ್ಥ್ಮಿಯನ್ ಲೀಗ್, ಉತ್ತರಕ್ಕೆ ನಾರ್ದರ್ನ್ ಪ್ರೀಮಿಯರ್ ಲೀಗ್. ಲಂಡನ್‌ನಲ್ಲಿದ್ರೆ 1893ರ ಡಲ್ವಿಚ್ ಹ್ಯಾಮ್ಲೆಟ್ ಕ್ಲಬ್ ಇದೆ, ಗುಲಾಬಿ-ನೀಲಿ ಜರ್ಸಿ, ಈಸ್ಟ್ ಡಲ್ವಿಚ್ ಸ್ಟೇಷನ್ನಿಂದ ನಡ್ಕೊಂಡೇ ಹೋಗ್ಬೋದು. ಶೆಫೀಲ್ಡ್‌ನಲ್ಲಿ ಓದ್ತಿದ್ರಂತೂ ಹ್ಯಾಲಂ ಕ್ಲಬ್ಬಿನ ಸ್ಯಾಂಡಿಗೇಟ್ ಮೈದಾನ ಬಿಡ್ಲೇಬೇಡಿ. 1860ರಿಂದ ಅಲ್ಲಿ ಫುಟ್ಬಾಲ್ ಆಡ್ತಿದಾರೆ, ಪ್ರಪಂಚದ ಅತಿ ಹಳೇ ಫುಟ್ಬಾಲ್ ಮೈದಾನ ಅಂತ ಗಿನ್ನೆಸ್ ದಾಖಲೆ ಇದೆ, ಪಿಚ್ ಒಂದು ಕಡೆಗೆ ಇಳಿಜಾರಾಗಿರೋದು ಕಣ್ಣಿಗೇ ಕಾಣುತ್ತೆ.

ಬೆಳಗ್ಗೆ ಮಾಡ್ಬೇಕಾದ್ದು

ಮಳೆ ಬಿದ್ದು ನೀರು ನಿಂತ್ರೆ ಅಥವಾ ನೆಲ ಹೆಪ್ಪುಗಟ್ಟಿದ್ರೆ ರೆಫ್ರಿ ಪಿಚ್ ನೋಡಿ ಮ್ಯಾಚ್ ಮುಂದಕ್ಕೆ ಹಾಕ್ತಾರೆ, ಆದ್ರಿಂದ ರೈಲು ಹತ್ತೋ ಮುಂಚೆ ಕ್ಲಬ್ಬಿನ ಸೋಷಿಯಲ್ ಮೀಡಿಯಾ ಪೇಜ್ ಒಂದ್ಸಲ ನೋಡ್ಬಿಡಿ. ಆಟ ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ. ಶನಿವಾರ 2.45ರಿಂದ 5.15ರವರೆಗೆ ಬ್ರಿಟನ್ನಿನಲ್ಲಿ ಟಿವೀಲಿ ಲೈವ್ ಫುಟ್ಬಾಲ್ ತೋರ್ಸೋ ಹಾಗಿಲ್ಲ, ಜನ ಮನೇಲಿ ಕೂತು ದೊಡ್ಡ ಟೀಮಿನ ಆಟ ನೋಡ್ತಾ ಇಂಥ ಸಣ್ಣ ಮೈದಾನ ಖಾಲಿ ಆಗ್ಬಾರ್ದು ಅಂತಾನೇ ಈ ನಿಯಮ. ಚಳಿಗಾಲ ಆದ್ರೆ ಎರಡು ಜೊತೆ ಸಾಕ್ಸ್ ಹಾಕ್ಕೊಳ್ಳಿ. ಕಾಂಕ್ರೀಟ್ ಮೇಲೆ ಎರಡು ಗಂಟೆ ನಿಂತ್ರೆ ಚಳಿ ಕಾಲಿಂದಾನೇ ಹತ್ತೋದು.

ಗೇಟ್ ಹತ್ರ

ಈ ಹಂತದಲ್ಲಿ ಟಿಕೆಟ್ ಸಾಮಾನ್ಯವಾಗಿ 15 ಪೌಂಡ್ ಒಳಗೇ ಮುಗ್ಯುತ್ತೆ, ಕೆಳಗೆ ಹೋದಷ್ಟೂ ಕಡಿಮೆ, ಮಕ್ಕಳಿಗೆ ಎಷ್ಟೋ ಕಡೆ ಫ್ರೀ. ಸ್ವಲ್ಪ ಚಿಲ್ಲರೆ ಇಟ್ಕೊಂಡಿರಿ. ಪ್ರೋಗ್ರಾಂ ಪುಸ್ತಕ ಮಾರ್ತಿದ್ರೆ ತಗೊಳ್ಳಿ, ಗೋಲ್ಡನ್ ಗೋಲ್ ಚೀಟಿ ಇದ್ರೆ ಅದೂ ಒಂದು ತಗೊಳ್ಳಿ. ಮಡಚಿ ಅಂಟಿಸಿರೋ ಚೀಟಿ ಹರಿದ್ರೆ ಒಳಗೆ ಒಂದು ನಿಮಿಷದ ನಂಬರ್ ಇರುತ್ತೆ, ಮೊದಲ ಗೋಲ್ ಆ ನಿಮಿಷಕ್ಕೇ ಬಿದ್ರೆ ಬಹುಮಾನ ನಿಮ್ದು. ಇಲ್ಲಿ ಟೀವಿ ದುಡ್ಡು ಬರಲ್ಲ, ಗೇಟ್, ಬಾರ್, ರ್‍ಯಾಫಲ್ (ಬಹುಮಾನದ ಚೀಟಿ) ಇಂದ ಬರೋ ದುಡ್ಡೇ ಕ್ಲಬ್ಬನ್ನ ಉಳ್ಸೋದು, ನೀವು ಕೊಡೋ ಒಂದೊಂದು ಪೌಂಡಿಗೂ ಬೆಲೆ ಇದೆ.

ತಿನ್ನೋ ವಿಷ್ಯ, ಸಸ್ಯಾಹಾರಿಗಳು ಗಮನಿಸಿ

ಟೀ ಹಟ್‌ನಲ್ಲಿ ಬಾವ್ರಿಲ್ ಅಂತ ಬಿಸಿಬಿಸಿ ಕಪ್ಪು ಪಾನೀಯ ಕುಡೀತಿರ್ತಾರೆ, ಅದು ದನದ ಮಾಂಸದ ಸಾರ. ಪೈ ತಗೊಂಡ್ರೆ ಒಳಗೇನಿದೆ ಕೇಳಿ, ಚೀಸ್-ಆನಿಯನ್ ಇದ್ರೆ ಬಚಾವ್. ಯಾರ್ಕ್‌ಷೈರ್ ಕಡೆ ಕೆಲವರು ಚಿಪ್ಸನ್ನೂ ದನದ ಕೊಬ್ಬಲ್ಲಿ ಕರೀತಾರೆ, ಅಲ್ಲಿ ಅದನ್ನೂ ಕೇಳ್ಬೇಕು. ಬೇಜಾರೇನೂ ಮಾಡ್ಕೊಳ್ಳಲ್ಲ, ಹೇಳ್ತಾರೆ.

ಎಲ್ಲಿ ನಿಲ್ಬೇಕು

ಕೂರೋಕೆ ಸ್ಟ್ಯಾಂಡ್ ಇರುತ್ತೆ ನಿಜ, ಆದ್ರೆ ಮೊದಲ ಹಾಫ್ ಗೋಲ್ ಹಿಂದೆ ಕಂಬಿಗೆ ಒರಗಿ ನಿಂತ್ಕೊಳ್ಳಿ. ಗೋಲ್‌ಕೀಪರ್ ಕೈಗೆಟಕೋಷ್ಟು ದೂರದಲ್ಲಿರ್ತಾನೆ, ಕಾರ್ನರ್ ಬಂದಾಗ ಡಿಫೆಂಡರ್‌ಗಳನ್ನ ಹೆಸ್ರು ಹಿಡಿದು ಬೈಯ್ಕೊಂಡು ಜಾಗಕ್ಕೆ ನಿಲ್ಸೋದು, ಹಿಂದಿಂದ ಯಾರಾದ್ರೂ ಬಂದ್ರೆ "ಮ್ಯಾನ್ ಆನ್!" ಅಂತ ಕಿರುಚೋದು, ಹೆಡ್ಡರ್‌ಗೆ ಇಬ್ರು ಹಾರಿದಾಗ ಭುಜಕ್ಕೆ ಭುಜ ತಾಗೋ ಸದ್ದು, ಕೆಸರಲ್ಲಿ ಸ್ಲೈಡ್ ಆಗಿ ಬಂದ ಬೂಟು ಬೋರ್ಡಿಗೆ ಬಡಿಯೋದು, ಇದ್ಯಾವ್ದೂ ಟೀವೀಲಿ ಕೇಳಲ್ಲ. ನಮ್ಮೂರ ಶಾಲೆ ಮೈದಾನದಲ್ಲಿ ಕಬಡ್ಡಿ ನೋಡಿದ್ದೀರಲ್ಲ, ಅಷ್ಟೇ ಹತ್ರ. ಹಾಫ್‌ಟೈಮ್‌ನಲ್ಲಿ ಟೀಮುಗಳು ಬದಿ ಬದಲಾಯಿಸ್ತವೆ, ಆಗ ಜನರೂ ತಮ್ಮ ಟೀಮ್ ಗೋಲ್ ಹೊಡಿಯೋ ಕಡೆಗೆ ನಡ್ಕೊಂಡು ಹೋಗ್ತಾರೆ, ನೀವೂ ಅವ್ರ ಜೊತೆ ಹೋಗಿ.

ಆಡೋರಲ್ಲಿ ಬಹಳ ಜನ ವಾರವೆಲ್ಲ ಬೇರೆ ಕೆಲ್ಸ ಮಾಡೋರು. ಜೇಮೀ ವಾರ್ಡಿ ಹಾಗೇ ಫ್ಯಾಕ್ಟರೀಲಿ ದುಡೀತಾ ಶೆಫೀಲ್ಡ್ ಹತ್ರದ ಸ್ಟಾಕ್ಸ್‌ಬ್ರಿಡ್ಜ್ ಪಾರ್ಕ್ ಸ್ಟೀಲ್ಸ್‌ಗೆ ಆಡ್ತಿದ್ದೋನು, 2012ರಲ್ಲಿ ಲೆಸ್ಟರ್ ಸೇರಿ 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದ. ಎಲ್ರೂ ವಾರ್ಡಿ ಆಗಲ್ಲ, ಆಗ್ಬೇಕಾಗೂ ಇಲ್ಲ, ದಿನದ ಕೆಲ್ಸ ಮುಗ್ಸಿ ಮಂಗಳವಾರ ರಾತ್ರಿ ನೂರಾರು ಮೈಲಿ ಹೋಗಿ ಆಡ್ಬರ್ತಾರಲ್ಲ, ಅದಕ್ಕೇ ನನಗೆ ಅವರ ಮೇಲೆ ಗೌರವ.

ಆಟ ಮುಗಿದ್ಮೇಲೆ

ಓಡ್ಬೇಡಿ. ಕ್ಲಬ್‌ಹೌಸ್‌ಗೆ ಹೋಗಿ, ಸ್ನಾನ ಮುಗ್ಸಿ ಆಟಗಾರರು ಅಲ್ಲಿಗೇ ಊಟಕ್ಕೆ ಬರ್ತಾರೆ, ಚೆನ್ನಾಗಿ ಆಡಿದ್ರಿ ಅಂದ್ರೆ ನಿಂತು ಮಾತಾಡ್ತಾರೆ. ಪ್ರತಿ ಕ್ಲಬ್ಬಿಗೂ ಗೇಟಲ್ಲಿ ಕೂರೋಕೆ, ಫೋಟೋ ತೆಗೆಯೋಕೆ, ಪೇಜ್ ನೋಡ್ಕೊಳ್ಳೋಕೆ ಜನ ಬೇಕೇ ಬೇಕು, ಸ್ಟೂಡೆಂಟ್ಸ್ ಆದ್ರೆ ಸೆಕ್ರೆಟರಿ ಯಾರು ಅಂತ ಕೇಳಿ ಹೆಸ್ರು, ನಂಬರ್ ಕೊಟ್ಟು ಬನ್ನಿ.