ಏಜೆಂಟ್ ಅಳಿಸಿದ ವಹಿವಾಟು: ನನ್ನ ಅನುಭವ

ಬಜೆಟ್ ಆ್ಯಪ್‌ನಲ್ಲಿ ವರ್ಗ ಹಾಕದ ವಹಿವಾಟುಗಳು ರಾಶಿ ಬಿದ್ದಿದ್ದವು. ಎಪಿಐ ಕೀ (ಬೇರೆ ಪ್ರೋಗ್ರಾಂ ಆ್ಯಪ್‌ನೊಳಗೆ ಹೋಗಿ ಕೆಲಸ ಮಾಡಲು ಬೇಕಾದ ಗುಪ್ತ ಕೋಡ್) ಕೊಟ್ಟು ಆ ಕೆಲಸವನ್ನು ಎಐ ಏಜೆಂಟ್‌ಗೆ, ಅಂದರೆ ಹೇಳಿದ ಕೆಲಸವನ್ನು ತಾನೇ ಮಾಡಿ ಮುಗಿಸುವ ಎಐ ಪ್ರೋಗ್ರಾಂಗೆ, ಒಪ್ಪಿಸಿದೆ. ವರ್ಗಗಳನ್ನೇನೋ ಚೆನ್ನಾಗಿಯೇ ಹಾಕಿತು. ಆದರೆ ಎರಡು ಖಾತೆಗಳ ಬ್ಯಾಲೆನ್ಸ್ ಬ್ಯಾಂಕಿನ ಲೆಕ್ಕಕ್ಕೆ ತಾಳೆಯಾಗಲಿಲ್ಲ.

ಸಾಲು ಸಾಲಾಗಿ ಹುಡುಕಿದಾಗ ಗೊತ್ತಾಯಿತು. ಒಂದೇ ದಿನ, ಒಂದೇ ಮೊತ್ತದ ಎರಡು ನಮೂದುಗಳಿದ್ದವು. ಡೂಪ್ಲಿಕೇಟ್ ಅಂದುಕೊಂಡು ಏಜೆಂಟ್ ಒಂದನ್ನು ಅಳಿಸಿತ್ತು. ನಿಜಕ್ಕೂ ಅದು ಒಂದು ಖಾತೆಯಿಂದ ಇನ್ನೊಂದಕ್ಕೆ ಕಳಿಸಿದ ಹಣ. ಒಂದು ಕಡೆ ಮೈನಸ್, ಇನ್ನೊಂದು ಕಡೆ ಪ್ಲಸ್ ಇರಲೇಬೇಕು, ಅಲ್ವಾ? ಆ್ಯಪ್‌ನಲ್ಲಿ ಎರಡೂ ಜೋಡಿಯಾಗಿದ್ದರಿಂದ ಇನ್ನೊಂದೂ ಜೊತೆಗೇ ಹೋಗಿತ್ತು.

ಮೊದಲು ಬ್ಯಾಕಪ್‌ನಿಂದ ಎಲ್ಲ ವಾಪಸ್ ತಂದೆ. ಪ್ರಾಂಪ್ಟ್‌ನಲ್ಲಿ (ಏಜೆಂಟ್‌ಗೆ ಕೊಡುವ ಸೂಚನೆಯಲ್ಲಿ) ‘ಅಳಿಸಬೇಡ’ ಎಂದು ಸುಮ್ನೆ ಬರೆದರೆ ಸಾಲದು, ಅಳಿಸುವ ದಾರಿಯೇ ಇರಬಾರದು ಅನ್ನಿಸಿತು. ಕೀ ವಾಪಸ್ ಪಡೆದೆ. ಈಗ ಏಜೆಂಟ್ ಓದುವುದು ವಹಿವಾಟುಗಳ ಸಿಎಸ್‌ವಿ (ಸಾಲು ಸಾಲಾಗಿ ಬರೆದ ಸರಳ ಪಟ್ಟಿಯ ಫೈಲ್) ಕಾಪಿ ಮಾತ್ರ. ವಹಿವಾಟಿನ ಐಡಿ, ಹಳೇ ವರ್ಗ, ಹೊಸ ವರ್ಗ, ಕಾರಣ ಇಷ್ಟನ್ನು ಬೇರೆ ಫೈಲಿನಲ್ಲಿ ಬರೆದಿಡುತ್ತದೆ. ನಾನು ಒಪ್ಪಿದ ಸಾಲುಗಳನ್ನಷ್ಟೇ ಒಂದು ಚಿಕ್ಕ ಸ್ಕ್ರಿಪ್ಟ್ (ಬರೆದಿಟ್ಟ ಹಂತಗಳನ್ನಷ್ಟೇ ಮಾಡುವ ಪ್ರೋಗ್ರಾಂ) ಆ್ಯಪ್‌ಗೆ ಹಾಕುತ್ತದೆ. ಅದು ವರ್ಗ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಿ ಮುಗಿಸಿದ ನಮೂದುಗಳನ್ನು ಹಾಗೇ ಬಿಡುತ್ತದೆ. ಕೊನೆಗೆ ಪ್ರತಿ ಖಾತೆಯ ಬ್ಯಾಲೆನ್ಸ್ ಮೊದಲಿನಷ್ಟೇ ಇದೆಯಾ ಎಂದು ನೋಡುತ್ತದೆ. ಚೂರು ವ್ಯತ್ಯಾಸ ಕಂಡರೂ ಬ್ಯಾಕಪ್‌ಗೆ ಮರಳುತ್ತೇನೆ.